ನೆಗಡಿಯಾದ ಹುಲಿ: ಹಂದಿ ಓಡಿಸುವ ಅಗ್ಗದ ಧ್ವನಿಪೆಟ್ಟಿಗೆಯನ್ನು ಗದ್ದೆಯಲ್ಲಿ ಒರೆಗೆ ಹಚ್ಚುವುದು ಹೇಗೆ?

ಭತ್ತ ಹಾಲುಗಟ್ಟುವ ಹೊತ್ತಿಗೆ ಕಾಡಂಚಿನ ಗದ್ದೆಯವರ ನಿದ್ದೆ ಹಾರಿಹೋಗುತ್ತದೆ. ಮಾಳದಲ್ಲಿ ಕೂತು ಡಬ್ಬ ಬಡಿಯುತ್ತ, ಕೂ ಹಾಕುತ್ತ ಬೆಳಗು ಮಾಡುವ ಆಳುಗಳು ಈಗ ಎಲ್ಲಿದ್ದಾರೆ? ಅವರ ಜಾಗಕ್ಕೆ ಒಂದು ಪೆಟ್ಟಿಗೆ ಬಂದಿದೆ. ಅದರೊಳಗೆ ಮೆಮೊರಿ ಕಾರ್ಡು, ಆಂಪ್ಲಿಫೈಯರ್, ಬ್ಯಾಟರಿ. ಹೊರಗೆ ಒಂದು ಹಾರ್ನ್ ಮತ್ತು ಬೆಚ್ಚಗಿನ ಮೈ ಹತ್ತಿರ ಸುಳಿದರೆ ಎಚ್ಚರಗೊಳ್ಳುವ ಸಂವೇದಕ. ಹಂದಿ ಬಂದರೆ ಹುಲಿ ಗರ್ಜಿಸುತ್ತದೆ ಎಂಬುದು ಮಾರುವವರ ಮಾತು.

ಮೂರು ಸಾವಿರ ರೂಪಾಯಿಯೊಳಗೆ ಸಿಕ್ಕಿದ ಅಂಥದೊಂದನ್ನು ಹಿಂದಿನ ಮಳೆಗಾಲದ ಕೊನೆಗೆ ನಾನೂ ತಂದೆ. ನಾಲ್ಕು ರಾತ್ರಿ ಒಂದು ಹಂದಿಯೂ ಗದ್ದೆಗೆ ಇಳಿಯಲಿಲ್ಲ. ಐದನೆಯ ದಿನ ಸೊಸೈಟಿಯ ಕಟ್ಟೆಯಲ್ಲಿ ಕೂತು ನಾಲ್ಕು ಜನಕ್ಕೆ ಹೇಳಿದ್ದೂ ಆಯಿತು. ಆರನೆಯ ಬೆಳಿಗ್ಗೆ ಹೋಗಿ ನೋಡಿದರೆ, ಪೆಟ್ಟಿಗೆ ಕಟ್ಟಿದ ಗೂಟದ ಬುಡದಲ್ಲೇ ಮಣ್ಣು ಉತ್ತು ಹಾಕಿದ್ದವು.

ತಪ್ಪು ಹಂದಿಯದಲ್ಲ. ಮೊದಲ ನಾಲ್ಕು ರಾತ್ರಿಯನ್ನು ನಾನು ಪರೀಕ್ಷೆ ಎಂದುಕೊಂಡಿದ್ದೆ. ಹೊಸ ವಸ್ತು, ಹೊಸ ವಾಸನೆ, ಹೊಸ ಸದ್ದು ಎಂದರೆ ಕಾಡುಹಂದಿ ಕೆಲವು ದಿನ ದೂರ ನಿಂತು ನೋಡುತ್ತದೆ. ಹಳೆಯ ಸೀರೆ ಕಟ್ಟಿದರೂ, ರೇಡಿಯೋ ಹಚ್ಚಿಟ್ಟರೂ ಮೊದಲ ವಾರ ಫಲ ಸಿಗುವುದು ಇದೇ ಕಾರಣಕ್ಕೆ. ಅದು ಮರಳಿ ಬಂದ ದಿನದಿಂದಲೇ ಪೆಟ್ಟಿಗೆಯ ನಿಜವಾದ ಪರೀಕ್ಷೆ ಶುರು. ಈ ವರ್ಷ ಅದನ್ನು ಕ್ರಮವಾಗಿ ಮಾಡಿದೆ.

ಮೊದಲು ಮನೆಯ ಜಗುಲಿಯಲ್ಲಿ

ಕಾರ್ಡಿನಲ್ಲಿರುವ ಸದ್ದುಗಳನ್ನೆಲ್ಲ ಒಂದೊಂದಾಗಿ ಕೂತು ಕೇಳಿ. ಬೇಸರದ ಕೆಲಸ, ಆದರೆ ಬಿಡಬಾರದು. ನನ್ನ ಪೆಟ್ಟಿಗೆಯ ಮೇಲೆ ಮೂವತ್ತೆರಡು ಧ್ವನಿ ಎಂದು ಬರೆದಿತ್ತು. ಕೇಳಿದರೆ ಎಂಟು ನಾಯಿಬೊಗಳು, ಐದು ಪಟಾಕಿ, ನಾಲ್ಕು ಸಿಂಹ. ಮಲೆನಾಡಿನ ಹಂದಿಗೆ ಸಿಂಹ ಯಾವ ನೆಂಟ? ಹುಲಿಯದು ಎಂದು ಇದ್ದ ಆರರಲ್ಲಿ ಮೂರು ಒಂದೇ ಗರ್ಜನೆಯ ತುಂಡುಗಳು.

ಇನ್ನೊಂದು ಕಡತದಲ್ಲಿ ಮೊಲ ಚೀರುತ್ತಿತ್ತು. ಇದು ಅಲ್ಲಿಗೆ ಬಂದದ್ದು ಹೇಗೆ ಎಂದು ತಿಳಿಯಲು ಅಮೆರಿಕದತ್ತ ನೋಡಬೇಕು. ಅಲ್ಲಿ ಇಂಥ ಪೆಟ್ಟಿಗೆ ಇರುವುದು ಓಡಿಸಲಿಕ್ಕಷ್ಟೇ ಅಲ್ಲ, ಕರೆಯಲಿಕ್ಕೂ. ಗಾಯಗೊಂಡ ಮೊಲದ ಕೂಗನ್ನು ನುಡಿಸಿ ಕಯೋಟಿ ಎಂಬ ಕಾಡುನಾಯಿಯನ್ನು ಬಂದೂಕಿನ ಎದುರಿಗೆ ತರಿಸುತ್ತಾರೆ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಕಯೋಟಿ ಬೇಟೆಗೆ ಅವಕಾಶವಿದೆ. ಅಗ್ಗದ ಪೆಟ್ಟಿಗೆಯಿಂದ ನೂರಾರು ಡಾಲರಿನದರವರೆಗೆ ಮಾರುಕಟ್ಟೆಯೇ ಇದೆ. ಆ ಕಡತಗಳ ನಕಲು ಇಲ್ಲಿಯ ಕಾರ್ಡಿಗೂ ಸುರಿದು ಬರುತ್ತವೆ. ಚಿರತೆ ಓಡಾಡುವ ಊರಿನಲ್ಲಿ ರಾತ್ರಿಯಿಡೀ ಮೊಲ ಚೀರಿಸಿದರೆ ಯಾರು ಬರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಕಾನೂನಿನ ಮಾತೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ಅರ್ಥ ಕೊಲ್ಲುವುದಷ್ಟೇ ಅಲ್ಲ, ಬಲೆ, ಉರುಳು, ಆಮಿಷ, ಅವುಗಳ ಯತ್ನ ಎಲ್ಲವೂ ಅದರೊಳಗೆ ಬರುತ್ತವೆ. ಮರಿಯ, ಮೊಲದ, ಜಿಂಕೆಯ ನೋವಿನ ಕೂಗು ಇದ್ದರೆ ಆ ಕಡತವನ್ನು ಮೊದಲು ಅಳಿಸಿ.

ನನ್ನ ಕಾರ್ಡಿನಲ್ಲಿ ಕೊನೆಗೆ ಉಳಿದದ್ದು ಒಂಬತ್ತು ಸದ್ದು. ಅವುಗಳಿಗೆ ಮೊಬೈಲಿನಲ್ಲಿ ರೆಕಾರ್ಡು ಮಾಡಿದ ನಮ್ಮ ಮನೆಯವರ ಕೂ, ಡಬ್ಬದ ಸದ್ದು, ನಮ್ಮದೇ ನಾಯಿಯ ಬೊಗಳು ಸೇರಿಸಿದೆ. ಈ ಸೇರಿಸಿದ್ದು ಮುಂದೆ ಹುಲಿಗಿಂತ ಹೆಚ್ಚು ಕೆಲಸಕ್ಕೆ ಬಂತು.

ಸದ್ದು ಎಷ್ಟು ದೂರ ಹೋಗುತ್ತದೆ?

ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಅಷ್ಟಾಗಿ ಗೊತ್ತಾಗುವುದೂ ಇಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಲ್ಲಿ 100 ಇದ್ದದ್ದು 2 ಮೀಟರಿಗೆ 94, 4ಕ್ಕೆ 88, ಹೀಗೇ ಇಳಿದು 64 ಮೀಟರಿಗೆ 64. ನಡುವೆ ಬಾಳೆ, ಲಂಟಾನದ ಮಟ್ಟಿ ಇದ್ದರೆ ಇನ್ನೂ ಕಡಿಮೆ.

ಅಳೆಯಲು ಇಬ್ಬರು ಬೇಕು. ಹಗ್ಗಕ್ಕೆ 10, 20, 40, 80 ಮೀಟರಿನಲ್ಲಿ ಗಂಟು ಹಾಕಿ. ಒಬ್ಬರು ಪೆಟ್ಟಿಗೆಯ ಬಳಿ ನಿಲ್ಲಲಿ, ಇನ್ನೊಬ್ಬರು ಮೊಬೈಲಿನ ಡೆಸಿಬೆಲ್ ಆ್ಯಪ್ ಹಿಡಿದು ಗಂಟಿನಿಂದ ಗಂಟಿಗೆ ನಡೆಯಲಿ. ಮೊಬೈಲ್ ತೋರಿಸುವ ಅಂಕಿ ಪಕ್ಕಾ ಅಲ್ಲ, ಆದರೆ ಒಂದೇ ಫೋನಿನಿಂದ ಅಳೆದರೆ ಏರಿಳಿತ ತಿಳಿಯುತ್ತದೆ. ಹಾರ್ನಿನ ಎದುರು, ಪಕ್ಕ, ಹಿಂದೆ ಮೂರೂ ಕಡೆ ಅಳೆಯಿರಿ. ಹಾರ್ನ್ ಎಂಬುದು ಟಾರ್ಚಿನ ಹಾಗೆ, ಮುಖ ಮಾಡಿದ ಕಡೆಗಷ್ಟೇ ಚೆಲ್ಲುತ್ತದೆ. ಇದನ್ನು ಹಗಲಲ್ಲಿ ಮಾಡಿ ಬಿಟ್ಟರೆ ಸಾಲದು. ರಾತ್ರಿ ಕಪ್ಪೆ, ಜೀರುಂಡೆ, ಹಳ್ಳದ ಸದ್ದು ಸೇರಿದಾಗ ಯಾವ ಗಂಟಿನಲ್ಲಿ ಹುಲಿ ಮುಳುಗಿಹೋಗುತ್ತದೆ ಎಂಬುದೇ ನಿಮಗೆ ಬೇಕಾದ ಲೆಕ್ಕ. ನನ್ನಲ್ಲಿ ಅದು ಮೂರನೆಯ ಗಂಟು ದಾಟಿದ ಕೂಡಲೇ ಆಯಿತು. ಅಂದರೆ ಒಂದು ಪೆಟ್ಟಿಗೆಗೆ ಎರಡು ಎಕರೆ ಎಂದು ಅಂಗಡಿಯವರು ಹೇಳಿದ್ದು ಸುಳ್ಳು.

ಈ ಅಳತೆಯ ರಾತ್ರಿಯೇ ಮೇಲಿನ ಮನೆಯ ಅಜ್ಜ ಲಾಟೀನು ಹಿಡಿದು ಇಳಿದು ಬಂದರು. ಕಟ್ಟೆಯ ಮೇಲೆ ಕೂತು ಎರಡು ಸಲ ಕೇಳಿದರು. ‘ತಮ್ಮಾ, ನಿನ್ನ ಹುಲಿಗೆ ನೆಗಡಿಯಾಗಿದೆಯಲ್ಲೋ’ ಎಂದರು. ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ಹುಲಿಯ ಗರ್ಜನೆಯ ತೂಕವೆಲ್ಲ ಇರುವುದು ಕೆಳ ಸ್ವರಗಳಲ್ಲಿ. ಅಗ್ಗದ ಹಾರ್ನ್ ಸಾಮಾನ್ಯವಾಗಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ನುಂಗಿಬಿಡುತ್ತದೆ. ಭಾಷಣಕ್ಕೆ ಮಾಡಿದ ಹಾರ್ನ್ ಅದು. ಮನುಷ್ಯನ ಮಾತು, ನಾಯಿಯ ಬೊಗಳು, ತಗಡಿನ ಡಬ್ಬ ಚೆನ್ನಾಗಿ ಬರುತ್ತವೆ, ಹುಲಿ ಮಾತ್ರ ಮೂಗಿನಲ್ಲಿ ಗೊಣಗುತ್ತದೆ. ನಮ್ಮ ಕೂ ಹೆಚ್ಚು ಕೆಲಸ ಮಾಡಿದ ಗುಟ್ಟು ಇಷ್ಟೇ ಎಂದು ನನ್ನ ಅಂದಾಜು.

ಕೇಳಿಸದ ಸದ್ದಿನಿಂದ ಪ್ರಾಣಿ ಓಡಿಸುವ ಅಲ್ಟ್ರಾಸಾನಿಕ್ ಪೆಟ್ಟಿಗೆಗಳ ಬಗ್ಗೆ ಒಂದೇ ಮಾತು: ಹಂದಿಗೆ ಆ ಸದ್ದು ಕೇಳಿಸುವುದೇನೋ ನಿಜ, ಆದರೆ ಅಷ್ಟು ಮೇಲಿನ ಸ್ವರ ಗಾಳಿಯಲ್ಲಿ ಬೇಗ ಕರಗುತ್ತದೆ, ಎಲೆ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಗದ್ದೆಗೆ ಅದು ಬೇಡ.

ನಾಲ್ಕು ಕಾಲಿನ ಮೇಲೆ

ಸಂವೇದಕದ ಪರೀಕ್ಷೆಯನ್ನು ಮಕ್ಕಳಿಲ್ಲದ ಹೊತ್ತಿನಲ್ಲಿ ಮಾಡುವುದು ಒಳ್ಳೆಯದು. ನಿಂತುಕೊಂಡು ನಡೆದರೆ ಸಾಲದು, ಹಂದಿಯ ಎತ್ತರಕ್ಕೆ ಬಗ್ಗಿ ನಾಲ್ಕು ಕಾಲಿನ ಮೇಲೆ ತೆವಳಬೇಕು. ನಾನು ಹೀಗೆ ಬದುವಿನ ಮೇಲೆ ಹೋಗುತ್ತಿದ್ದಾಗ ಹಾಲಿನ ಡೇರಿಗೆ ಹೊರಟ ನೆರೆಯವರು ಸೈಕಲ್ ನಿಲ್ಲಿಸಿ ‘ಏನು ಕಳೆದುಕೊಂಡಿರಿ?’ ಎಂದು ಕೇಳಿದರು.

ಅಗ್ಗದ ಪೆಟ್ಟಿಗೆಗಳಲ್ಲಿರುವ ಸಂವೇದಕ ಶಾಖದ ಚಲನೆಯನ್ನು ಗುರುತಿಸುತ್ತದೆ. ಆರೇಳು ಮೀಟರಿನಾಚೆಗೆ ಅದನ್ನು ನಂಬುವಂತಿಲ್ಲ. ಎದುರಿನಿಂದ ನೇರ ಬರುವುದಕ್ಕಿಂತ ಅಡ್ಡ ಹಾಯುವುದನ್ನು ಅದು ಬೇಗ ಹಿಡಿಯುತ್ತದೆ. ಆದ್ದರಿಂದ ಗದ್ದೆಯ ನಡುವೆ ಕಟ್ಟಿ ಪ್ರಯೋಜನವಿಲ್ಲ. ಹಂದಿ ನುಗ್ಗುವ ಬೇಲಿಯ ಕಂಡಿಯನ್ನು ಹುಡುಕಿ, ಅದರ ಪಕ್ಕಕ್ಕೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ, ಹಾದಿಗೆ ಅಡ್ಡಲಾಗಿ ನೋಡುವಂತೆ ಕಟ್ಟಿ. ಎದುರಿಗೆ ಬಾಳೆಯ ಎಲೆ ಇರಬಾರದು. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿದರೂ ಹುಲಿ ಎದ್ದುಬಿಡುತ್ತದೆ.

ನಾನು ಮಾಡಿದ ದಡ್ಡತನವನ್ನೂ ಹೇಳುತ್ತೇನೆ. ಮಳೆ ಸಿಡಿಯದಿರಲೆಂದು ಸಂವೇದಕದ ಮುಂದೆ ಫೋಟೋ ಚೌಕಟ್ಟಿನ ಗಾಜೊಂದನ್ನು ಅಂಟಿಸಿದೆ. ಎರಡು ರಾತ್ರಿ ಪೆಟ್ಟಿಗೆ ಉಸಿರೆತ್ತಲಿಲ್ಲ. ಮೈಯ ಶಾಖದ ಕಿರಣಕ್ಕೆ ಗಾಜು ಗೋಡೆಯಿದ್ದ ಹಾಗೆ, ದಾಟಿ ಬರುವುದಿಲ್ಲ. ತೆಳುವಾದ ಪಾಲಿಥೀನ್ ಹಾಳೆ ಅಷ್ಟಾಗಿ ತಡೆಯದು. ಅದಕ್ಕಿಂತ ಮೇಲ್ಗಡೆ ಅಡಿಕೆ ಹಾಳೆಯ ಒಂದು ಮಾಡು ಕಟ್ಟುವುದು ಲೇಸು. ಹಾರ್ನಿನ ಬಾಯಿಗೆ ಸೊಳ್ಳೆಪರದೆಯ ತುಂಡು ಬಿಗಿಯಿರಿ, ಇಲ್ಲವಾದರೆ ಹತ್ತೇ ದಿನದಲ್ಲಿ ಕುಂಬಾರ ಹುಳು ಅದರೊಳಗೆ ಮಣ್ಣಿನ ಮನೆ ಕಟ್ಟುತ್ತದೆ.

ಬ್ಯಾಟರಿಯ ಲೆಕ್ಕ ಸುಲಭ. 12 ವೋಲ್ಟ್, 7 ಆಂಪಿಯರ್-ಅವರ್ ಎಂದರೆ 84 ವ್ಯಾಟ್-ಅವರ್. ಸೀಸದ ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧ ಮಾತ್ರ ನಿಮ್ಮದು. ಪೂರ್ತಿ ಚಾರ್ಜು ಮಾಡಿ, ಸೌರ ಫಲಕ ಕಳಚಿ, ಎಷ್ಟು ರಾತ್ರಿ ಬರುತ್ತದೆ ಎಂದು ನೋಡಿ. ಮೋಡ ಕವಿದ ವಾರದಲ್ಲಿ ನಿಮಗೆ ಉಳಿಯುವುದು ಅಷ್ಟೇ ರಾತ್ರಿ.

ಗದ್ದೆಯಲ್ಲಿ ನಾಲ್ಕು ವಾರ

ಇಲ್ಲಿ ಅವಸರ ಮಾಡಿದರೆ ಹಿಂದಿನದೆಲ್ಲ ನೀರಿನಲ್ಲಿ ಹೋಮ. ಬೇಲಿಯ ಪ್ರತಿ ಕಂಡಿಯ ಒಳಗೂ ಒಂದು ಮಾರು ಉದ್ದಕ್ಕೆ ಮಣ್ಣು ಸಡಿಲಿಸಿ, ಹಲಗೆಯಿಂದ ಎಳೆದು ನುಣುಪು ಮಾಡಿ. ದಿನಾ ಬೆಳಿಗ್ಗೆ ಗೊರಸಿನ ಗುರುತು ನೋಡಿ ಬರೆದುಕೊಳ್ಳಿ, ಮತ್ತೆ ಎಳೆಯಿರಿ. ಟ್ರ್ಯಾಪ್ ಕ್ಯಾಮೆರಾ ಬೇಕಿಲ್ಲ. ಹಳೆಯ ಲೆಕ್ಕದ ಪುಸ್ತಕವೊಂದು ಸಾಕು.

ಮೊದಲ ವಾರ ಪೆಟ್ಟಿಗೆಯೇ ಬೇಡ. ಹಂದಿ ವಾರಕ್ಕೆ ಎಷ್ಟು ರಾತ್ರಿ ಬರುತ್ತದೆ ಎಂಬುದು ಗೊತ್ತಿಲ್ಲದೆ, ಬರಲಿಲ್ಲ ಎಂಬ ಮಾತಿಗೆ ಬೆಲೆಯಿಲ್ಲ. ನಮ್ಮಲ್ಲಿ ಐದು ರಾತ್ರಿ ಬಂದವು. ಎರಡನೆಯ ವಾರ ಪೆಟ್ಟಿಗೆ ಕಟ್ಟಿ, ಆದರೆ ಸದ್ದು ಬಂದ್ ಮಾಡಿಡಿ. ಇದನ್ನು ಯಾರೂ ಮಾಡುವುದಿಲ್ಲ, ನನಗೆ ಕಣ್ಣು ತೆರೆಸಿದ್ದು ಇದೇ: ಬರೀ ಮೂಕ ಪೆಟ್ಟಿಗೆಗೆ ಹೆದರಿ ಹಂದಿಗಳು ಮೂರು ರಾತ್ರಿ ಬರಲಿಲ್ಲ. ಹಿಂದಿನ ವರ್ಷ ನಾನು ಹುಲಿಗೆ ಕೊಟ್ಟ ಮೆಚ್ಚುಗೆಯ ಬಹುಪಾಲು ತಗಡಿನ ಡಬ್ಬಿಗೆ ಸಲ್ಲಬೇಕಿತ್ತು.

ಮೂರನೆಯ ವಾರ ಮೇಲಿನ ಗದ್ದೆಗೆ ಸದ್ದು, ಕೆಳಗಿನದಕ್ಕೆ ಮೂಕ ಪೆಟ್ಟಿಗೆ. ನಾಲ್ಕನೆಯ ವಾರ ಅದಲುಬದಲು. ಅದಲುಬದಲು ಮಾಡದಿದ್ದರೆ, ಕೆಳಗಿನ ಗದ್ದೆಗೆ ಹಂದಿ ಬಂದದ್ದು ಸದ್ದಿಲ್ಲ ಎಂದೋ ಹಳ್ಳದ ಕೆಸರು ಹತ್ತಿರ ಎಂದೋ ಹೇಳಲಾಗದು. ಹದಿನಾಲ್ಕು ರಾತ್ರಿಯಲ್ಲಿ ಮೂಕ ಕಡೆಗೆ ಒಂಬತ್ತು ಸಲ, ಸದ್ದಿನ ಕಡೆಗೆ ನಾಲ್ಕು ಸಲ ಗುರುತು ಸಿಕ್ಕಿತು. ಒಂದು ಗದ್ದೆಯ ಲೆಕ್ಕ ಇದು, ಶಾಸನವಲ್ಲ. ಆದರೆ ಆ ನಾಲ್ಕರಲ್ಲಿ ಮೂರು, ಒಂದೇ ಸದ್ದನ್ನು ಸತತ ಮೂರನೆಯ ರಾತ್ರಿ ನುಡಿಸಿದಾಗ ಆದದ್ದು. ಅಲ್ಲಿಂದ ಮುಂದೆ ಎರಡು ರಾತ್ರಿಗೊಮ್ಮೆ ಸದ್ದನ್ನೂ ಗೂಟವನ್ನೂ ಬದಲಿಸಿದೆ, ನಡುನಡುವೆ ನಾಯಿಯೊಂದಿಗೆ ನಾನೇ ಒಂದು ಸುತ್ತು ಹೋದೆ. ಪೆಟ್ಟಿಗೆಯ ಬೆದರಿಕೆಯ ಹಿಂದೆ ಆಗೊಮ್ಮೆ ಈಗೊಮ್ಮೆ ನಿಜವಾದ ಮನುಷ್ಯ ಬರಬೇಕು. ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಕೂಗುವ ಟೈಮರ್ ಇದ್ದರೆ ಆರಿಸಿಡಿ. ಯಾರೂ ಬಾರದಿದ್ದಾಗ ಕೂಗುವ ಹುಲಿಯನ್ನು ಹಂದಿ ಬೇಗ ಕಡೆಗಣಿಸುತ್ತದೆ.

ಆನೆ ಬರುವ ಊರಿನವರು ಇದನ್ನು ನಂಬಿ ಕೂರಬೇಡಿ. ವಿವೇಕ್ ತುಪ್ಪಿಲ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದಲ್ಲಿ ಬೆಳೆಗೆ ಬರುವ ಆನೆಗಳಿಗೆ ಹುಲಿ, ಚಿರತೆಗಳ ಗುರುಗುಟ್ಟುವಿಕೆ ನುಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹುಲಿಯ ಸದ್ದಿಗೆ ಆನೆಗಳು ಸದ್ದಿಲ್ಲದೆ ಹಿಂದೆ ಸರಿದವು. ಚಿರತೆಯ ಸದ್ದಿಗೆ ಮೊದಲು ಕೆರಳಿ, ಘೀಳಿಟ್ಟು, ಆಮೇಲೆ ಹೋದವು. ಕೆರಳಿದ ಆನೆ ಹೋಗುವ ದಾರಿಯಲ್ಲಿ ನಿಮ್ಮ ಮನೆ ಇರಬಹುದು.

ನೆರೆಹೊರೆ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ; ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್. ಮೇಲಿನ ಲೆಕ್ಕವನ್ನೇ ಹಿಡಿದರೆ 128 ಮೀಟರ್ ದೂರದ ಮನೆಗೂ 58 ತಲುಪುತ್ತದೆ. ಹಾರ್ನಿನ ಮುಖವನ್ನು ಕಾಡಿನ ಕಡೆಗೆ ತಿರುಗಿಸಿ, ಸದ್ದು ತಗ್ಗಿಸಿ, ಪಂಚಾಯಿತಿಯಲ್ಲೂ ಹತ್ತಿರದ ಅರಣ್ಯ ಸಿಬ್ಬಂದಿಯಲ್ಲೂ ಮೊದಲೇ ಹೇಳಿ ಕೇಳಿ ಇಡಿ. ನಾನು ಹೇಳಿರಲಿಲ್ಲ. ಆಚೆ ಕೇರಿಗೆ ನೆಂಟರಾಗಿ ಬಂದವರೊಬ್ಬರು ‘ಹಳ್ಳದ ಹತ್ತಿರ ಹುಲಿ ಇದೆ’ ಎಂದು ಫೋನಿಸಿ, ಮರುದಿನ ಬೆಳಿಗ್ಗೆ ಇಬ್ಬರು ಗಾರ್ಡುಗಳು ನಮ್ಮ ಅಂಗಳದಲ್ಲಿ ನಿಂತಿದ್ದರು. ಚಹಾ ಕುಡಿದು, ಹುಲಿಯನ್ನು ಒಮ್ಮೆ ಕೇಳಿ, ನಕ್ಕು ಹೋದರು.

ಕೊಯ್ಲಾದ ದಿನವೇ ಪೆಟ್ಟಿಗೆ ಇಳಿಸಿಬಿಡಿ. ಖಾಲಿ ಗದ್ದೆಯಲ್ಲಿ ಕೂಗುತ್ತ ಬಿಟ್ಟರೆ ಮುಂದಿನ ಬೆಳೆಯ ಹೊತ್ತಿಗೆ ಹಂದಿಗೆ ಪಾಠ ಬಾಯಿಪಾಠವಾಗಿರುತ್ತದೆ. ಬ್ಯಾಟರಿ ಬಿಚ್ಚಿ, ತಿಂಗಳಿಗೊಮ್ಮೆ ಚಾರ್ಜು ಮಾಡಿ. ನಮ್ಮದು ಈಗ ಅಟ್ಟದ ಮೇಲಿದೆ. ಕಾರ್ಡನ್ನು ಬೇರೆ ತೆಗೆದಿಟ್ಟಿದ್ದೇನೆ, ಏಕೆಂದರೆ ಬೆಕ್ಕು ಹಾದಾಗಲೆಲ್ಲ ಅಟ್ಟ ಗರ್ಜಿಸುತ್ತಿತ್ತು.