ತೋಟದ ಮನೆಗೆ ಎಲೆಕ್ಟ್ರಿಕ್ ಪಿಕಪ್ಪಾ, ಕ್ರಾಸ್‌ಓವರಾ?

ಮೊದಲು ಮೂಟೆ ಎಣಿಸಿ. ಕಾಫಿ ಚೆರ್ರಿ ಮೂಟೆಗೆ 50 ಕೆಜಿ ಅಲ್ವಾ? 2022ರಲ್ಲಿ ಬಂದ ಎಲೆಕ್ಟ್ರಿಕ್ ಪಿಕಪ್ ಟಾಟಾ ಏಸ್ ಇವಿ ಹೊರುವುದು 600 ಕೆಜಿ, ಅಂದರೆ 12 ಮೂಟೆ. ಕ್ರಾಸ್‌ಓವರ್, ಅಂದರೆ ಎಸ್‌ಯುವಿಯ ಹಾಗೆ ಎತ್ತರವಿರುವ ಕಾರು, ಅದರ ಡಿಕ್ಕಿಯಲ್ಲಿ ಎರಡು ಮೂಟೆ ಹಾಕಿದರೆ ಮುಗಿಯಿತು. ಆದರೆ ಮಳೆಯಲ್ಲಿ ಅಮ್ಮ, ಮಕ್ಕಳನ್ನೆಲ್ಲ ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಪಿಕಪ್ ಆಗುವುದಿಲ್ಲ.

ಕೊಯ್ಲಿಗೆ ಮಾತ್ರ ಸಾಗಾಟ ಇರುವವರು ಕ್ರಾಸ್‌ಓವರ್ ತಗೊಳ್ಳಿ, ಆ ಎರಡು ಮೂರು ತಿಂಗಳು ಪಿಕಪ್ ಬಾಡಿಗೆಗೆ ಹಿಡಿಯಿರಿ. ವಾರವಾರ ಗೊಬ್ಬರ, ಬಾಳೆಗೊನೆ, ಮೆಣಸು ಅಂತ ಗೋಣಿಕೊಪ್ಪಕ್ಕೆ ಓಡುವವರಿಗೆ ಪಿಕಪ್ಪೇ ಸರಿ.

ಕೊಳ್ಳುವ ಮುಂಚೆ ಮಳೆ ಬಿದ್ದ ಮರುದಿನ ನಿಮ್ಮ ತೋಟದ ಏರಿನಲ್ಲೇ ಓಡಿಸಿ ನೋಡಿ. ಹಿಂದಿನ ಚಕ್ರ ಎಳೆಯುವ ಪಿಕಪ್ ಖಾಲಿ ಇದ್ದಾಗ ಕೆಸರಲ್ಲಿ ಜಾಸ್ತಿ ಜಾರುತ್ತದೆ, ಮುಂದಿನ ಚಕ್ರದ ಕ್ರಾಸ್‌ಓವರ್ ಕಡಿದಾದ ಏರಿನಲ್ಲಿ ಹಿಡಿತ ಬಿಡುತ್ತದೆ.

ಸಂಪಾಜೆ ಘಾಟಿ ಹತ್ತುವಾಗ ಬ್ಯಾಟರಿ ಬೇಗ ಇಳಿಯುತ್ತದೆ. ಇಳಿಯುವಾಗ ಮೋಟಾರೇ ಬ್ರೇಕ್ ಹಿಡಿದು ಸ್ವಲ್ಪ ಚಾರ್ಜ್ ವಾಪಸ್ ಕೊಡುತ್ತದೆ, ಆದರೆ ಮಡಿಕೇರಿಯಲ್ಲೇ ಪೂರ್ತಿ ಶೇಕಡಾ 100 ತುಂಬಿಸಿಕೊಂಡು ಹೊರಟರೆ ಅದಕ್ಕೆ ಜಾಗ ಇರುವುದಿಲ್ಲ, ಮೋಟಾರಿನ ಬ್ರೇಕ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. 90ಕ್ಕೆ ನಿಲ್ಲಿಸಿ.

ಇನ್ನು ಅರ್ತಿಂಗ್, ಅಂದರೆ ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ನಮ್ಮ ಮನೆಯಲ್ಲಿ ಅದು ಸರಿ ಇರಲಿಲ್ಲ, ಚಾರ್ಜರ್ ಹಾಕಿದರೆ ಕೆಂಪು ದೀಪ, ಮಾರಿದವರು ಸುಮ್ನೆ ಮತ್ತೆ ಹಾಕಿ ನೋಡಿ ಅಂದರು. ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಒಂದು ಕೊಡ ನೀರು ಸುರಿದ ಮೇಲೆ ಹಸಿರು ಬಂತು. ಗಾಡಿ ಬುಕ್ ಮಾಡುವ ಮುಂಚೆಯೇ ಇದನ್ನು ಮಾಡಿಸಿಕೊಳ್ಳಿ.