ಮಸ್ಟ್, ಹ್ಯಾವ್ ಟು, ಶುಡ್: ಯಾವುದನ್ನು ಎಲ್ಲಿ ಬಳಸೋದು?

ಕನ್ನಡದಲ್ಲಿ 'ಹೋಗಬೇಕು' ಅಂದರೆ ಸಾಕು, ಅದು ಅಪ್ಪಣೆಯೋ ಸಲಹೆಯೋ ಅನ್ನೋದು ದನಿಯಲ್ಲೇ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಪದವನ್ನೇ ಬದಲಾಯಿಸಬೇಕು. ಹಾಗಾಗಿ ವಾಕ್ಯ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಒತ್ತಾಯ ಯಾರದು?

ಹೇಳುವವರದೇ ಆದರೆ ಮಸ್ಟ್. 'ಐ ಮಸ್ಟ್ ಕಾಲ್ ಹರ್' ಅಂದರೆ ಫೋನ್ ಮಾಡಲೇಬೇಕು ಅಂತ ನನಗೇ ಅನಿಸಿದೆ. ನಿಯಮವೋ ಕೆಲಸವೋ ಹೊರಗಿನಿಂದ ಹೇರಿದ್ದಾದರೆ ಹ್ಯಾವ್ ಟು: 'ಐ ಹ್ಯಾವ್ ಟು ವೇರ್ ಅ ಯೂನಿಫಾರ್ಮ್'. ಈ ಗೆರೆ ಅಷ್ಟೇನೂ ಗಟ್ಟಿಯಲ್ಲ, ಎಷ್ಟೋ ಕಡೆ ಎರಡೂ ನಡೆಯುತ್ತವೆ, ಮಾತಿನಲ್ಲಂತೂ ಹ್ಯಾವ್ ಟು ಬಳಕೆಯೇ ಜಾಸ್ತಿ, ಅನುಮಾನ ಬಂದರೆ ಅದನ್ನೇ ಹಾಕಿ. ಮೇಲಧಿಕಾರಿಗೆ ಮಾತ್ರ 'ಯೂ ಮಸ್ಟ್ ರಿಪ್ಲೈ ಟುಡೇ' ಅಂತ ಮೇಲ್ ಬರೆಯಬೇಡಿ, ಅವರಿಗೇ ಅಪ್ಪಣೆ ಕೊಟ್ಟ ಹಾಗಾಗುತ್ತದೆ. 'ಕುಡ್ ಯೂ ರಿಪ್ಲೈ ಟುಡೇ' ಅಂತ ಕೇಳಿ. ಅದೇ ಗೆಳೆಯರಿಗೆ 'ಯೂ ಮಸ್ಟ್ ರೀಡ್ ದಿಸ್' ಅಂದರೆ ಅದು ಪ್ರೀತಿಯ ಒತ್ತಾಯ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ನಿಜವಾದ ಅಪಾಯ ಇರೋದು 'ನಾಟ್' ಸೇರಿದಾಗ. ಡಾಕ್ಟರ್ 'ಯೂ ಮಸ್ಟ್ ನಾಟ್ ಟೇಕ್ ದಿಸ್ ಟ್ಯಾಬ್ಲೆಟ್' ಅಂದರೆ ಆ ಮಾತ್ರೆ ಮುಟ್ಟಲೇಬಾರದು. 'ಯೂ ಡೋಂಟ್ ಹ್ಯಾವ್ ಟು ಟೇಕ್ ಇಟ್' ಅಂದರೆ ತಗೊಳ್ಳಬೇಕಾಗಿಲ್ಲ, ತಗೊಂಡರೂ ತಪ್ಪಿಲ್ಲ. ಎಷ್ಟು ವ್ಯತ್ಯಾಸ ನೋಡಿ! ಬೇರೇನು ಮರೆತರೂ ಇದನ್ನು ಮರೆಯಬೇಡಿ. ಇನ್ನೊಂದು ವಿಷಯ, ಮಾತಿನಲ್ಲಿ ಮಸ್ಟ್ ನಾಟ್ ಸೇರಿ 'ಮಸಂಟ್' ಆಗುತ್ತದೆ, ನಡುವಿನ ಟಕಾರ ಕೇಳಿಸಲ್ಲ.

ಶುಡ್ ಅನ್ನೋದು ಸಲಹೆ, ಕೇಳೋದು ಬಿಡೋದು ಅವರಿಗೆ ಬಿಟ್ಟಿದ್ದು. ಆಟ್ ಟು ಕೂಡ ಹೆಚ್ಚುಕಡಿಮೆ ಅದೇ. ಹ್ಯಾಡ್ ಬೆಟರ್ ಸಲಹೆಯ ಹಾಗೆ ಕಂಡರೂ ಅದರೊಳಗೆ 'ಇಲ್ಲಾಂದ್ರೆ ತೊಂದರೆ ಆಗುತ್ತೆ' ಅನ್ನೋ ಎಚ್ಚರಿಕೆ ಇದೆ, ದೊಡ್ಡವರಿಗೆ ಹೇಳುವಾಗ ಹುಷಾರು. ಮಸ್ಟ್ ಮತ್ತು ಶುಡ್ ನಡುವಿನ ಅಂತರ ಎಷ್ಟು ಮುಖ್ಯ ಅಂದರೆ, ಇಂಟರ್ನೆಟ್‌ನ ತಾಂತ್ರಿಕ ನಿಯಮ ಬರೆಯುವವರು 1997ರಲ್ಲಿ ಆರ್‌ಎಫ್‌ಸಿ 2119 ಅನ್ನೋ ದಾಖಲೆಯಲ್ಲಿ ಇವುಗಳ ಅರ್ಥವನ್ನು ಬಿಡಿಸಿ ಬರೆದಿಟ್ಟರು: ಮಸ್ಟ್ ಅಂದರೆ ಕಡ್ಡಾಯ, ಶುಡ್ ಅಂದರೆ ಸರಿಯಾದ ಕಾರಣ ಇದ್ದರೆ ಬಿಡಬಹುದು, ಆದರೆ ಬಿಟ್ಟರೆ ಏನಾಗುತ್ತದೆ ಅಂತ ಪೂರ್ತಿ ಯೋಚಿಸಿ ಬಿಡಿ.

ಆಗಿಹೋದದ್ದನ್ನು ಹೇಳುವಾಗ ಮಸ್ಟ್ ಕೈಕೊಡುತ್ತದೆ. 'ನಿನ್ನೆ ಹೋಗಬೇಕಾಯಿತು' ಅನ್ನೋಕೆ 'ಐ ಹ್ಯಾಡ್ ಟು ಗೋ'. 'ಹೀ ಮಸ್ಟ್ ಹ್ಯಾವ್ ಗಾನ್' ಅಂದರೆ ಅವನು ಹೋಗಿರಬೇಕು ಅನ್ನೋ ಊಹೆ, ಅಷ್ಟೇ. 'ಐ ಶುಡ್ ಹ್ಯಾವ್ ಗಾನ್' ಅಂದರೆ ಹೋಗಬೇಕಿತ್ತು, ಹೋಗಲಿಲ್ಲ. ನಾಳೆಯ ಮಾತಿಗೆ 'ವಿಲ್ ಹ್ಯಾವ್ ಟು', 'ವಿಲ್ ಮಸ್ಟ್' ಅನ್ನೋದು ಇಲ್ಲವೇ ಇಲ್ಲ. 'ಮಸ್ಟ್ ಟು ಗೋ' ಕೂಡ ತಪ್ಪು, ಮಸ್ಟ್ ಆದಮೇಲೆ ನೇರವಾಗಿ ಕ್ರಿಯಾಪದ ಬರಲಿ.