ಇಗ್ಲೂಲಿಕ್ ದಂಡೆಗಳ ಡೇಟ್ ಕೊನೆಗೂ ಸಾಲಿಗೆ ಬಂದವು

ಇಗ್ಲೂಲಿಕ್ ಕೆನಡಾದ ಆರ್ಕ್ಟಿಕ್‌ನ ಒಂದು ದ್ವೀಪ. ಅಲ್ಲಿನ ಹಳೇ ಕಡಲ ದಂಡೆಗಳ ಮೇಲಿರುವ ಮನೆಗಳ ವಯಸ್ಸು ತಿಳಿಯಲು ಕ್ಯಾರಿಬೂ (ಹಿಮಸಾರಂಗ) ಮೂಳೆ ಮತ್ತು ವಿಲೋ ಕಡ್ಡಿಯ ಇದ್ದಿಲು, ಇವೆರಡನ್ನೇ ರೇಡಿಯೋಕಾರ್ಬನ್ ಲ್ಯಾಬಿಗೆ ಕಳಿಸೋಣ ಎಂದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಫಾಕ್ಸ್ ಬೇಸಿನ್ ಎಂಬ ಆ ಕಡಲಿನ ತೀರದ ಹಳೆಯ ಮನೆಗಳಲ್ಲಿ ಸಿಗೋದೇ ಸೀಲ್, ವಾಲ್ರಸ್. ಕ್ಯಾರಿಬೂಗೆ ಕಾದು ಕೂತರೆ ಕೈಗೆ ಏನೂ ಬರಲ್ಲ ಎಂದರು. ಅಲ್ಲಿ ನೆಲ ನಿಧಾನಕ್ಕೆ ಮೇಲೇಳುತ್ತಿದೆ, ದಂಡೆ ಎತ್ತರವಿದ್ದಷ್ಟೂ ಹಳೆಯದು. ಹಾಗಾಗಿ ಎತ್ತರ ಅಳೆದರೆ ಸಾಕಲ್ವಾ ಎಂದವರೂ ಇದ್ದರು. 1950ರ ದಶಕದಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಮೆಲ್ಡ್‌ಗಾರ್ಡ್ ಅಲ್ಲಿ ಮಾಡಿದ್ದು ಅದನ್ನೇ: 50 ಮೀಟರ್ ಆಸುಪಾಸಿನಿಂದ ಇಳಿಯುತ್ತಾ ಪ್ರಿ-ಡಾರ್ಸೆಟ್ ಜನರ ಮನೆಗಳು, ಸುಮಾರು 22ರಿಂದ ಕೆಳಗೆ ಅವರ ನಂತರದ ಡಾರ್ಸೆಟ್ ಜನರವು. ಸರಿ, ಕ್ರಮ ಸಿಕ್ಕಿತು. ವರ್ಷ ಎಲ್ಲಿ?

ನಾನು ಸೇರುವ ಮೊದಲೇ ದುಡ್ಡು ಸುಮಾರು ಕರಗಿತ್ತು. ಒಲೆಕಲ್ಲಿಗೆ ಅಂಟಿದ ಸೀಲ್ ಕೊಬ್ಬಿನ ಕರಿಯನ್ನು ಡೇಟ್ ಮಾಡಿಸಿದ್ದರು. ಒಂದು ಏಎಂಎಸ್ (ಕಾರ್ಬನ್-14 ಪರಮಾಣುಗಳನ್ನೇ ಎಣಿಸುವ ವಿಧಾನ) ಡೇಟಿಗೆ ಆಗ ಐನೂರು ಡಾಲರ್ ಮೇಲೆ. ಕೆಳಗಿನ ದಂಡೆಯ ಮನೆ ಮೇಲಿನದಕ್ಕಿಂತ ಹಳೆಯದಾಗಿ ಬಂತು! ಕಡಲ ನೀರಲ್ಲೇ ಹಳೇ ಕಾರ್ಬನ್ ಇರುತ್ತದೆ, ಅಲ್ಲಿನ ಪ್ರಾಣಿಗಳೂ ನಿಜಕ್ಕಿಂತ ಹಳೆಯವಾಗಿ ಕಾಣುತ್ತವೆ. ಚಿಪ್ಪುಗಳೂ ಹಾಗೇ. ದ್ವೀಪವೆಲ್ಲ ಸುಣ್ಣಕಲ್ಲು, ಅದರ ಹಳೇ ಕಾರ್ಬನ್ ಚಿಪ್ಪಿಗೂ ಸೇರುತ್ತದೆ. ತೇಲಿ ಬಂದ ಮರವಂತೂ ದಂಡೆಯ ಮೇಲೆ ನೂರಾರು ವರ್ಷ ಬಿದ್ದಿದ್ದು ಆಮೇಲೆ ಒಲೆ ಸೇರಿರಬಹುದು. ಇವನ್ನು ನಂಬಬೇಡಿ ಎಂದು ಪುರಾತತ್ವಜ್ಞರಾದ ಮೆಕ್‌ಗೀ, ಟಕ್ 1976ರಲ್ಲೇ ಬರೆದಿದ್ದರು. ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಸೀಲ್ ಮೂಳೆಯನ್ನೇ ಪ್ಯಾಕ್ ಮಾಡುತ್ತಾರೆ.

ನಾನು ಮಾಡಿದ್ದು ಇಷ್ಟೆ. ಒಲೆಯ ಜಲ್ಲಿ ಪೂರ್ತಿ ಸಣ್ಣ ಜಾಲರಿಯಲ್ಲಿ ಜರಡಿ. ಸೊಂಟ ಬಿದ್ದು ಹೋಗುತ್ತದೆ, ಸೊಳ್ಳೆ ಬೇರೆ. ಸಿಗುವುದು ಕಾಲ್ಬೆರಳಿನ ಮೂಳೆ, ಕಾಲುಮೂಳೆಯ ಗಟ್ಟಿ ಚೂರು. ಕೊಂಬಿನ ಆಯುಧ ಎಷ್ಟೇ ಚೆನ್ನಾಗಿದ್ದರೂ ಮುಟ್ಟುವುದಿಲ್ಲ. ಉದುರಿದ ಹಳೇ ಕೊಂಬನ್ನು ಹೆಕ್ಕಿ ತಂದು ಕೆತ್ತಿರಬಹುದು. ಡೇಟ್ ಮಾಡುವುದು ಮೂಳೆಯ ಪ್ರೋಟೀನ್ ಕೊಲಾಜೆನ್ ಅನ್ನು. ಅದು ಶೇ 1ಕ್ಕಿಂತ ಕಡಿಮೆ ಬಂದರೆ ಮೂಳೆ ಹಾಳಾಗಿದೆ, ಪಕ್ಕಕ್ಕೆ. ಕಾರ್ಬನ್-ನೈಟ್ರೋಜನ್ ಅನುಪಾತ 2.9ರಿಂದ 3.6ರ ಹೊರಗಿದ್ದರೂ ಪಕ್ಕಕ್ಕೆ. ಮೂರರಲ್ಲಿ ಒಂದು ಹೀಗೇ ಹೋಯಿತು. ಚೂರು ಯಾವ ಪ್ರಾಣಿಯದು ಎಂಬ ಅನುಮಾನವಿದ್ದರೆ ಐಸೋಟೋಪ್ ನೋಡಿ, ನೈಟ್ರೋಜನ್-15 ಮೌಲ್ಯ ಹದಿನೈದರ (‰) ಮೇಲಿದ್ದರೆ ಅದು ಕಡಲ ಆಹಾರ ತಿಂದ ಪ್ರಾಣಿ, ಕ್ಯಾರಿಬೂ ಅಲ್ಲ.

ವಿಲೋದಲ್ಲಿ ತೆಳು ಕಡ್ಡಿಯೇ ಬೇಕು. ಆ ಗಿಡ ನೆಲಕ್ಕಂಟಿಕೊಂಡೇ ಇನ್ನೂರು ವರ್ಷ ಬದುಕಬಲ್ಲದು. ಇದ್ದಿಲಿಗೆ ಇಂಗಿದ ಕೊಬ್ಬನ್ನು ಮಾಮೂಲಿ ಆಸಿಡ್-ಆಲ್ಕಲಿ ತೊಳೆತಕ್ಕೆ ಮೊದಲೇ ಸಾಲ್ವೆಂಟ್‌ನಲ್ಲಿ ತೊಳೆಯುತ್ತೇನೆ. ಯಾವುದು, ಯಾವ ಕ್ರಮದಲ್ಲಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುಮ್ನೆ ಕುತೂಹಲಕ್ಕೆ ಒಂದೇ ಒಲೆಯ ಸೀಲ್, ಕ್ಯಾರಿಬೂ ಎರಡನ್ನೂ ಕಳಿಸಿದೆ. ಸೀಲ್ ಆರೇಳು ನೂರು ವರ್ಷ ಹಳೆಯದಾಗಿ ಬಂತು. ಹಾಗಂತ ಎಲ್ಲ ಹಳೇ ಡೇಟಿನಿಂದ ಅಷ್ಟು ಕಳೆಯೋಕೆ ಹೋಗಬೇಡಿ. ವಾಲ್ರಸ್ ತಿನ್ನೋದು ಚಿಪ್ಪುಜೀವಿ, ಅದರ ಲೆಕ್ಕವೇ ಬೇರೆ.

ಈಗ ಡೇಟ್‌ಗಳು ಮೆಟ್ಟಿಲಿಳಿದ ಹಾಗೆ ದಂಡೆಯಿಂದ ದಂಡೆಗೆ ಇಳಿಯುತ್ತವೆ. ಹೊಂದದ್ದು ಒಂದೆರಡು ಮಾತ್ರ. ಅವು ಹಳೇ ದಂಡೆಯ ಮೇಲೆ ಆಮೇಲೆ ಬಂದು ಕೂತವರ ಮನೆಗಳು. ಬರೀ ಎತ್ತರ ನೋಡಿದ್ದರೆ ಅವು ಗೊತ್ತೇ ಆಗುತ್ತಿರಲಿಲ್ಲ.

ತೊಡಕು ಉಳಿದಿರುವುದು ಡಾರ್ಸೆಟ್ ಶುರುವಾಗುವ ಕಡೆ. ಕ್ರಿ.ಪೂ. 800ರಿಂದ 400ರವರೆಗೆ ಕಾರ್ಬನ್ ವರ್ಷವನ್ನು ಕ್ಯಾಲೆಂಡರ್ ವರ್ಷಕ್ಕೆ ಬದಲಿಸುವ ಕ್ಯಾಲಿಬ್ರೇಶನ್ ಕರ್ವ್ ಚಪ್ಪಟೆ. ಎಷ್ಟು ಒಳ್ಳೆಯ ಮೂಳೆ ಕೊಟ್ಟರೂ ನಾಲ್ಕು ನೂರು ವರ್ಷ ಅಗಲದ ಪಟ್ಟಿ ವಾಪಸ್ ಬರುತ್ತದೆ. ಅಲ್ಲಿ ಒಂಟಿ ಡೇಟ್ ಕೊಳ್ಳುವುದು ದಂಡ. ಪಕ್ಕಪಕ್ಕದ ನಾಲ್ಕೈದು ದಂಡೆಗಳಿಂದ ತೆಗೆದು, ಎತ್ತರದ ಕ್ರಮವನ್ನೂ ಡೇಟ್ ಲೆಕ್ಕ ಹಾಕುವ ಆಕ್ಸ್‌ಕ್ಯಾಲ್ ಸಾಫ್ಟ್‌ವೇರ್‌ಗೆ ಕೊಟ್ಟರೆ ಪಟ್ಟಿ ಸುಮಾರು ಅರ್ಧಕ್ಕಿಳಿಯುತ್ತದೆ. ಎತ್ತರ ಸಾಕು ಎಂದಿದ್ದವರ ಅಳತೆಯ ಪುಸ್ತಕವನ್ನೇ ಅದಕ್ಕೆ ಕೇಳಿ ತಂದಿದ್ದೇನೆ.